ಗೋಪಾಳಕ್ಕೆ ಬಂದ ನವರಂಗ

ಕಳೆದ ಕಾರ್ತಿಕ ಮಾಸದ ಒಂದು ಮುಂಜಾವು ಗೋಪಾಳದ ಉದ್ಯಾನದಲ್ಲಿ ತಿರುಗಾಡುತ್ತಿದ್ದೆ. ಮರದಡಿಯ ತರಗೆಲೆಗಳಲ್ಲಿ ಸರಸರ ಸದ್ದಾಯಿತು. ಓತಿಕ್ಯಾತವೆಂದು ಬಗೆದು ಮುಂದಡಿಯಿಟ್ಟವನು ಅಲ್ಲಿಯೇ ನಿಂತೆ. ಮೈನಾಕ್ಕಿಂತ ಕಿರಿದಾದ ಹಕ್ಕಿ. ಮೊಟಕು ಬಾಲ, ಹಸಿರು ಬೆನ್ನು, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟೆ, ಬಾಲದಡಿಯಲ್ಲಿ ಕುಂಕುಮದ ಕೆಂಪು. ನವರಂಗ! ಇಷ್ಟು ವರ್ಷಗಳಲ್ಲಿ ನಮ್ಮ ಬಡಾವಣೆಯಲ್ಲಿ ನಾನು ಅದನ್ನು ಕಂಡುದೇ ಇಲ್ಲ.

ಹಿಮಾಲಯದ ತಪ್ಪಲು, ಮಧ್ಯ ಭಾರತ ಮೊದಲಾದೆಡೆಯ ಕಾಡುಗಳಲ್ಲಿ ಮರಿಮಾಡುವ ಈ ಹಕ್ಕಿ ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೂ ಶ್ರೀಲಂಕೆಗೂ ಬರುತ್ತದೆ. ಪಯಣವೆಲ್ಲ ಇರುಳಿನಲ್ಲಿ. ನಗರದ ದೀಪಗಳಿಗೆ ದಿಕ್ಕುಗೆಟ್ಟು, ದಣಿದು, ತೋಟಗಳಲ್ಲಿ ಇಳಿಯುವುದುಂಟು. ಮನೆಯೊಳಗೆ ಬಂದು ಗೋಡೆಗೆ ಬಡಿದುಕೊಳ್ಳುವುದೂ ಉಂಟು. ಅಂತಹ ಹಕ್ಕಿಯನ್ನು ಮಕ್ಕಳ ಕೈಗೆ ಕೊಡದೆ, ಬಾಯಿಗೆ ನೀರು ಹನಿಸದೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯ ಕತ್ತಲಲ್ಲಿರಿಸಿ, ಚೇತರಿಸಿಕೊಂಡೊಡನೆ ಗಿಡಮರಗಳಿರುವಲ್ಲಿ ಬಿಟ್ಟುಬಿಡಬೇಕು.

ಅಷ್ಟರಲ್ಲಿ ಮಾಲಿಯವರು ಪೊರಕೆ, ಬೆಂಕಿಪೊಟ್ಟಣಗಳೊಡನೆ ಬಂದರು. ತರಗೆಲೆ ಗುಡಿಸಿ ಸುಡುವುದು ಅವರ ನಿತ್ಯದ ಕಾಯಕ. ಉದ್ಯಾನ ಚೊಕ್ಕಟವಾಗಿರಲೆಂದು ಬಯಸುವವರೂ ನಾವೇ ತಾನೆ! ಆದರೆ ಆ ಎಲೆಗಳಡಿಯ ಹುಳುಹುಪ್ಪಟೆಯೇ ನವರಂಗದ ಬುತ್ತಿ. ಹಕ್ಕಿ ಎಲೆಯೊಂದನ್ನು ಕೊಕ್ಕಿನಿಂದ ಮಗುಚಿ ಎರೆಹುಳುವನ್ನೆಳೆದುದನ್ನು ಕೈಸನ್ನೆಯಿಂದ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. “ಇದು ಉಂಡು ಹೋಗುವವರೆಗೆ ಈ ಮೂಲೆ ಹೀಗೆಯೇ ಇರಲಿ ಸ್ವಾಮಿ” ಎಂದು ಪೊರಕೆಯನ್ನು ಗೋಡೆಗೆ ಒರಗಿಸಿದರು.

ನಾಲ್ಕು ದಿನ ಅದು ಅಲ್ಲಿತ್ತು. ಐದನೆಯ ಬೆಳಗು ಕಾಣಲಿಲ್ಲ. ಮಾಲಿಯವರು ಆ ಮೂಲೆಯನ್ನು ಇನ್ನೂ ಗುಡಿಸಿಲ್ಲ.