ಪಾದಗಳಿಗೂ ಬೇಕು ವಾರ್ಷಿಕ ತಪಾಸಣೆ

ಮಾರ್ಚ್ ಅಂತ್ಯದಲ್ಲಿ ನಮ್ಮ ವರ್ತಕರು ಗೋದಾಮಿನ ಮೂಟೆಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಅಕ್ಕಿ ಗಿರಣಿಯ ಮಾಲೀಕರು ಯಂತ್ರದ ಬೆಲ್ಟು, ಬೇರಿಂಗುಗಳನ್ನು ಪರೀಕ್ಷಿಸುತ್ತಾರೆ. ಆದರೆ ಮಧುಮೇಹವುಳ್ಳ ನಮ್ಮಲ್ಲಿ ಎಷ್ಟು ಮಂದಿ ವರ್ಷಕ್ಕೊಮ್ಮೆಯಾದರೂ ತಮ್ಮ ಪಾದಗಳನ್ನು ವೈದ್ಯರಿಗೆ ತೋರಿಸುತ್ತಾರೆ?

ನನ್ನಲ್ಲಿ ಲೆಕ್ಕಪತ್ರ ಮಾಡಿಸುತ್ತಿದ್ದ ಬನ್ನೂರಿನ ವ್ಯಾಪಾರಿಯೊಬ್ಬರು ರೂಢಿಯಂತೆ ಚಪ್ಪಲಿಯನ್ನು ಹೊರಗೆ ಬಿಟ್ಟು ಅಂಗಡಿಯೊಳಗೆ ಬರಿಗಾಲಿನಲ್ಲಿ ಓಡಾಡುತ್ತಿದ್ದರು. ಒಂದು ದಿನ ಮೊಳೆ ಚುಚ್ಚಿತು, ನೋವೇ ತಿಳಿಯಲಿಲ್ಲ. ಅರಿಸಿನ ಮೆತ್ತಿಕೊಂಡು ಮೂರು ವಾರ ಕಳೆದರು. ಮೈಸೂರಿನ ಆಸ್ಪತ್ರೆ ಸೇರುವ ವೇಳೆಗೆ ಮೊಣಕಾಲಿನ ಕೆಳಭಾಗವನ್ನು ತೆಗೆಯದೆ ಬೇರೆ ದಾರಿಯಿರಲಿಲ್ಲ. ಮರುವರ್ಷ ನಾನು ಸಿದ್ಧಪಡಿಸಿದ್ದು ಆ ಅಂಗಡಿಯ ಕೊನೆಯ ಲೆಕ್ಕ.

ದೀರ್ಘಕಾಲದ ಮಧುಮೇಹವು ನರಗಳ ಸಂವೇದನೆಯನ್ನು ಕುಂದಿಸುತ್ತದೆ, ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ನೋವಿಲ್ಲದ ಗಾಯವನ್ನು ನಾವು ಅಲಕ್ಷಿಸುತ್ತೇವೆ. ರಕ್ತ ತಲುಪದ ಗಾಯ ಮಾಯುವುದಿಲ್ಲ. ಬೀಡಿ, ಸಿಗರೇಟು ಈ ಅಪಾಯವನ್ನು ಹೆಚ್ಚಿಸುತ್ತವೆ. ಮಧುಮೇಹಿಗಳ ಕಾಲು ಕತ್ತರಿಸಬೇಕಾಗಿ ಬರುವ ಪ್ರಕರಣಗಳಲ್ಲಿ ಸುಮಾರು ಶೇ. 85ರಷ್ಟು ಪಾದದ ಹುಣ್ಣಿನಿಂದಲೇ ಆರಂಭವಾಗುತ್ತವೆ. 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ, ಪಾದದ ನಾಡಿ ನೋಡಿದರೆ ಅಪಾಯ ಮೊದಲೇ ತಿಳಿಯುತ್ತದೆ. ಇದಕ್ಕೆ ಕೆಲವೇ ನಿಮಿಷಗಳು ಸಾಕು.

ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ತಿಳಿಸಿತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಆಸ್ಪತ್ರೆಯ ಚಿಕಿತ್ಸೆಗೆ ನೆರವಾಗುತ್ತದೆ. 2024ರಲ್ಲಿ ಕೋಲಾರದಲ್ಲಿ ಮೊದಲಾದ ಗೃಹ ಆರೋಗ್ಯ ಯೋಜನೆಯು ತಪಾಸಣೆಯನ್ನು ಮನೆಬಾಗಿಲಿಗೆ ತಂದಿತು. ಇವು ಸ್ವಾಗತಾರ್ಹ. ಆದರೆ ಸಕ್ಕರೆ, ರಕ್ತದೊತ್ತಡಗಳನ್ನು ಅಳೆಯುವಷ್ಟೇ ಕಡ್ಡಾಯವಾಗಿ ಪಾದಪರೀಕ್ಷೆಯೂ ನಡೆಯಬೇಕು.

1989ರಲ್ಲಿ ಯುರೋಪಿನ ದೇಶಗಳು ಇಟಲಿಯ ಸೇಂಟ್ ವಿನ್ಸೆಂಟಿನಲ್ಲಿ ಸೇರಿ, ಮಧುಮೇಹದ ಗ್ಯಾಂಗ್ರೀನಿನಿಂದಾಗುವ ಅಂಗಚ್ಛೇದನಗಳನ್ನು ಅರ್ಧಕ್ಕೆ ಇಳಿಸುವ ಗುರಿಯನ್ನು ಇಟ್ಟುಕೊಂಡವು. ನಮ್ಮಲ್ಲಿಯೂ ಅಂತಹ ಗುರಿ ಬೇಕು. ಪ್ರತಿ ತಾಲ್ಲೂಕಿನಲ್ಲಿ ವರ್ಷಕ್ಕೆ ಎಷ್ಟು ಜನ ಕಾಲು ಕಳೆದುಕೊಂಡರು, ಅವರಲ್ಲಿ ಎಷ್ಟು ಮಂದಿಗೆ ಮೊದಲು ಪಾದಪರೀಕ್ಷೆ ಆಗಿತ್ತು ಎಂಬುದನ್ನು ಆರೋಗ್ಯ ಇಲಾಖೆ ಪ್ರಕಟಿಸಬೇಕು. ಎಣಿಕೆಯಿಲ್ಲದ ನಷ್ಟವನ್ನು ತಗ್ಗಿಸಲಾಗದು ಎಂಬುದು ಲೆಕ್ಕಪರಿಶೋಧಕನ ಅನುಭವ.

ಸರ್ಕಾರಕ್ಕೆ ಮನವಿ ಸಲ್ಲಿಸುವ ನಮ್ಮ ಸಂಸ್ಥೆಗೂ ಹೊಣೆಯಿದೆ. ಬನ್ನೂರು, ತಿ. ನರಸೀಪುರ, ನಂಜನಗೂಡುಗಳ ಅಂಗಡಿ, ಗಿರಣಿ, ಆಲೆಮನೆ, ಕಾರ್ಖಾನೆಗಳಲ್ಲಿ ವರ್ಷಕ್ಕೊಂದು ಪಾದಪರೀಕ್ಷಾ ಶಿಬಿರವನ್ನು ಸದಸ್ಯರೇ ಏರ್ಪಡಿಸಬಹುದು. ಮಧುಮೇಹವುಳ್ಳ ಮಾಲೀಕರಿಗೂ ಕೆಲಸಗಾರರಿಗೂ ಒಳಗೆ ಧರಿಸಲು ಪ್ರತ್ಯೇಕ ಪಾದರಕ್ಷೆ ಇರಲಿ. ಬೇಸಿಗೆಯ ಮಧ್ಯಾಹ್ನ ದೇವಾಲಯದ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಡೆಯದಿರಲಿ. ಗಾಯ ಕಂಡ ದಿನವೇ ವೈದ್ಯರ ಬಳಿಗೆ ಹೋಗಲಿ.

ಯಂತ್ರದ ಭಾಗ ಸವೆದರೆ ಹೊಸದನ್ನು ತರಿಸಬಹುದು. ಅದರ ಸವಕಳಿಗೆ ತೆರಿಗೆಯಲ್ಲಿ ಕಡಿತವೂ ಉಂಟು. ಕಾಲಿನ ವಿಷಯದಲ್ಲಿ ಈ ಎರಡೂ ಇಲ್ಲ. ಇಂದು ರಾತ್ರಿ ಗಲ್ಲಾಪೆಟ್ಟಿಗೆ ಮುಚ್ಚಿದ ಮೇಲೆ ಸದಸ್ಯ ಬಾಂಧವರು ಒಮ್ಮೆ ತಮ್ಮ ಅಂಗಾಲನ್ನು ನೋಡಿಕೊಳ್ಳಬೇಕೆಂದು ಪ್ರಾರ್ಥನೆ.