ನ್ಯಾಯ ನಮ್ಮ ಕಡೆಗಿದ್ದರೂ ದಿನಾಂಕ ನಮ್ಮ ಕಡೆಗಿದೆಯೇ?

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ರಾಜಧಾನಿ ಹತ್ತಿರವಾದಂತೆ ಇಲ್ಲಿ ಜಮೀನಿನ ಬೆಲೆ ಏರಿದೆ. ಬೆಲೆ ಏರಿದಾಗ ಮರೆತುಹೋದ ಜಗಳಗಳೂ ನೆನಪಾಗುತ್ತವೆ: ಅಜ್ಜ ಮಾರಿದ ಹೊಲ, ಮುಂಗಡ ಕೊಟ್ಟೂ ನೋಂದಣಿಯಾಗದ ನಿವೇಶನ, ರೇಷ್ಮೆಗೂಡಿನ ವ್ಯಾಪಾರದಲ್ಲಿ ಕೊಟ್ಟು ಬಾರದ ಕೈಸಾಲ. ಕಕ್ಷಿದಾರ ವಕೀಲರ ಮುಂದೆ ಕುಳಿತು, "ನ್ಯಾಯ ನನ್ನ ಕಡೆಗೇ ಇದೆಯಲ್ಲವೇ ಸಾರ್?" ಎಂದು ಕೇಳುತ್ತಾನೆ. ವಕೀಲರ ಮೊದಲ ಪ್ರಶ್ನೆ ಬೇರೆ: "ಇದು ನಡೆದದ್ದು ಯಾವಾಗ?"

ಈ ಪ್ರಶ್ನೆಯ ಹಿಂದಿರುವುದು 1963ರ ಕಾಲಮಿತಿ ಕಾಯಿದೆ. ಅವಧಿ ಮುಗಿದ ಮೇಲೆ ಸಲ್ಲಿಸಿದ ದಾವೆಯನ್ನು, ಎದುರಾಳಿ ಆಕ್ಷೇಪಿಸದಿದ್ದರೂ, ನ್ಯಾಯಾಲಯ ತಾನಾಗಿ ವಜಾ ಮಾಡಬೇಕು ಎಂದು ಅದರ 3ನೇ ಕಲಂ ಹೇಳುತ್ತದೆ. ಮೇಲ್ಮನವಿ ತಡವಾದರೆ ಕಾರಣ ಹೇಳಿ ಕ್ಷಮೆ ಕೇಳಬಹುದು. ಮೂಲ ದಾವೆಗೆ ಆ ಅವಕಾಶವಿಲ್ಲ.

ಯಾವುದಕ್ಕೆ ಎಷ್ಟು ಕಾಲ?

ಕೇಳಿದಾಗ ಕೊಡುತ್ತೇನೆ ಎಂದು ಬರೆದ ಪ್ರೋನೋಟಿಗೆ 3 ವರ್ಷ. ಲೆಕ್ಕ ಶುರುವಾಗುವುದು ಹಣ ಕೇಳಿದ ದಿನದಿಂದ ಅಲ್ಲ, ನೋಟಿನ ಮೇಲಿರುವ ದಿನಾಂಕದಿಂದ. ಕ್ರಯದ ಕರಾರಿನಂತೆ ನೋಂದಣಿ ಮಾಡಿಸಿಕೊಳ್ಳಲೂ 3 ವರ್ಷ. ಕರಾರಿನಲ್ಲಿ ದಿನ ಗೊತ್ತುಮಾಡಿದ್ದರೆ ಅಂದಿನಿಂದ, ಇಲ್ಲದಿದ್ದರೆ ಮಾರುವವರು ನಿರಾಕರಿಸಿದ್ದು ತಿಳಿದ ದಿನದಿಂದ. ಹಕ್ಕಿನ ಆಧಾರದಲ್ಲಿ ಜಮೀನಿನ ಸ್ವಾಧೀನ ಕೇಳಲು, ಇನ್ನೊಬ್ಬರ ಸ್ವಾಧೀನ ನಮಗೆ ಪ್ರತಿಕೂಲವಾದಂದಿನಿಂದ 12 ವರ್ಷ. ಅಪ್ರಾಪ್ತ ವಯಸ್ಸಿನಲ್ಲಿ ತನ್ನ ಆಸ್ತಿಯನ್ನು ಪೋಷಕರು ಮಾರಿದ್ದರೆ, ಅದನ್ನು ರದ್ದುಪಡಿಸಲು ವಯಸ್ಕನಾದ ಮೇಲೆ 3 ವರ್ಷ.

ಇಂಥ ಗಡುವು ಏಕೆ? ಸಾಕ್ಷಿಗಳು ಸಾಯುತ್ತಾರೆ, ಕಾಗದಪತ್ರ ಕಳೆದುಹೋಗುತ್ತದೆ, ಪ್ರಾಮಾಣಿಕವಾಗಿ ಆಸ್ತಿ ಕೊಂಡವನು ಜೀವನಪರ್ಯಂತ ಹೆದರುತ್ತಾ ಇರಬಾರದು. ಈ ಕಾರಣಗಳು ಸರಿಯೇ. ಆದರೆ ಅಕ್ಷರ ಬಾರದವರಿಗೆ, ಕಾನೂನು ಸಲಹೆ ಸಿಗದವರಿಗೆ ಇದೇ ಗಡುವು ಗೋಡೆಯಾಗುತ್ತದೆ.

ಮಂಜೂರಾತಿ ಜಮೀನಿನ ಪಾಠ

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಅಕ್ರಮವಾಗಿ ಪರಭಾರೆಯಾದರೆ ಅದನ್ನು ಮರಳಿಸಲು ಕರ್ನಾಟಕದಲ್ಲಿ 1978ರ ಪಿಟಿಸಿಎಲ್ ಕಾಯಿದೆ ಇದೆ. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗೆ. ಮೂಲ ಕಾಯಿದೆಯಲ್ಲಿ ಕಾಲಮಿತಿಯೇ ಇರಲಿಲ್ಲ. ಆದರೂ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಸಲ್ಲಿಸಬೇಕು ಎಂದಿತು. ಕಾಯಿದೆ ಬಂದು ಸುಮಾರು 25 ವರ್ಷಗಳ ಬಳಿಕ ಬಂದ ಅರ್ಜಿಯನ್ನು ಒಪ್ಪಲಿಲ್ಲ. ಇದರಿಂದ ಅನೇಕ ಬಡ ಕುಟುಂಬಗಳಿಗೆ ಆಘಾತವಾಯಿತು. ಹೋರಾಟದ ಬಳಿಕ 2023ರಲ್ಲಿ ವಿಧಾನಮಂಡಲ ಕಾಯಿದೆಗೆ ತಿದ್ದುಪಡಿ ತಂದು ಕಾಲಮಿತಿ ಅನ್ವಯಿಸದು ಎಂದು ಬರೆಯಿತು. ಅಷ್ಟಕ್ಕೆ ಮುಗಿಯಲಿಲ್ಲ. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ವಿಪರೀತ ವಿಳಂಬ ಬೇರೆ ಎಂದು ಹೇಳಿತು. ಕಾನೂನು ಬಡವನ ಪರವಾಗಿ ಬದಲಾದರೂ ತಡಮಾಡಿದವನ ದಾರಿ ಸುಗಮವಾಗಲಿಲ್ಲ ಎಂಬುದು ಇದರ ಸಾರ.

ಆಸ್ಪತ್ರೆಯ ತಪ್ಪಿಗೆ 2 ವರ್ಷ

ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿದೆ. ಈಗಿನ 2019ರ ಕಾಯಿದೆಯಲ್ಲಿ ದೂರಿಗೆ 2 ವರ್ಷ ಕಾಲಾವಕಾಶವಿದೆ. ಸಾಕಷ್ಟು ಕಾರಣವಿದ್ದರೆ ಆಯೋಗ ವಿಳಂಬವನ್ನು ಮನ್ನಿಸಬಹುದು, ಆದರೆ ಅದು ಖಚಿತವಲ್ಲ.

ಗೋವಾದ ಒಬ್ಬ ನರ್ಸ್‌ಗೆ ಆದದ್ದನ್ನು ನೋಡಿ. 1993ರಲ್ಲಿ ಮುಂಬಯಿಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ನೋವು ಬಿಡಲಿಲ್ಲ. 2002ರಲ್ಲಿ ಮತ್ತೆ ಹೊಟ್ಟೆ ತೆರೆದಾಗ ಒಳಗೆ ಗಾಸ್ ಬಟ್ಟೆ ಸಿಕ್ಕಿತು. 2004ರಲ್ಲಿ ದೂರು ಕೊಟ್ಟರು. ನೋವಿದ್ದರೂ ಅನುಭವಿ ನರ್ಸ್ ಆಗಿ ಅಷ್ಟು ವರ್ಷ ಆ ವೈದ್ಯರನ್ನು ಏಕೆ ಕಾಣಲಿಲ್ಲ ಎಂಬುದು ಸುಪ್ರೀಂ ಕೋರ್ಟಿಗೆ ಮುಖ್ಯವಾಯಿತು. 2010ರಲ್ಲಿ ದೂರು ಕಾಲಾತೀತವೆಂದು ತಿರಸ್ಕೃತವಾಯಿತು. ನರ್ಸ್‌ಗೇ ಹೀಗಾದರೆ ಉಳಿದವರ ಪಾಡೇನು?

ಆದುದರಿಂದ ಸಂಶಯ ಬಂದ ಕೂಡಲೇ ದಾಖಲೆ ಕೇಳಿ. ಒಳರೋಗಿಯ ದಾಖಲೆಗಳನ್ನು ವೈದ್ಯರು 3 ವರ್ಷ ಇಟ್ಟುಕೊಳ್ಳಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ವೃತ್ತಿ ನಿಯಮಾವಳಿ ಹೇಳುತ್ತದೆ.

ಗಡಿಯಾರ ನಿಲ್ಲುವುದು ಯಾವಾಗ?

ಘಟ್ಟದ ಮೇಲಿನ ಈ ಪಾಠ ಕರಾವಳಿಗೂ ಅನ್ವಯಿಸುತ್ತದೆ. ಜಗಳ ಮೊದಲು ಬರುವುದು ವಾಳೆಯ ಗುರಿಕಾರರ ಬಳಿಗೆ ಅಥವಾ ಊರಿನ ಹಿರಿಯರ ಬಳಿಗೆ. ರಾಜಿ ಮಾಡಿಸುವುದು ಒಳ್ಳೆಯ ಕೆಲಸ. ಆದರೆ "ಹಬ್ಬ ಕಳೆಯಲಿ, ಮಾತಾಡೋಣ" ಎನ್ನುವಾಗಲೂ ಕಾನೂನಿನ ಗಡಿಯಾರ ಓಡುತ್ತಲೇ ಇರುತ್ತದೆ. ಬಾಯಿಮಾತಿನ ಭರವಸೆ, ತಹಶೀಲ್ದಾರರಿಗೆ ಕೊಟ್ಟ ಮನವಿ, ವಕೀಲರ ನೋಟೀಸು ಇವು ಯಾವುದೂ ಅದನ್ನು ನಿಲ್ಲಿಸುವುದಿಲ್ಲ. ಸಾಲಗಾರ ಅವಧಿ ಮುಗಿಯುವ ಮೊದಲೇ ಸಾಲವನ್ನು ಒಪ್ಪಿ ಬರೆದು ಸಹಿ ಹಾಕಿದರೆ, ಅಥವಾ ಒಂದು ಭಾಗ ಕೊಟ್ಟು ಅದನ್ನು ಬರಹದಲ್ಲಿ ದಾಖಲಿಸಿದರೆ, ಹೊಸ ಅವಧಿ ಆರಂಭವಾಗುತ್ತದೆ. ಅವಧಿ ಮುಗಿದ ಮರುದಿನ ಸಹಿ ಹಾಕಿಸಿದರೆ ಆ ಪ್ರಯೋಜನವಿಲ್ಲ. ಕೊರೋನಾ ಕಾಲದಲ್ಲಿ 15.3.2020ರಿಂದ 28.2.2022ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟ್ ಲೆಕ್ಕದಿಂದ ಬಿಟ್ಟಿತ್ತು. ಅಂಥ ವಿನಾಯಿತಿ ಅಪರೂಪ.

ಹಾಗಾಗಿ ರಾಜಿಗೆ ಕೂರಿಸುವವರು ಮೊದಲು ಕಾಗದ ತರಿಸಿ ದಿನಾಂಕ ನೋಡಲಿ. ಗಡುವು ಹತ್ತಿರವಿದ್ದರೆ ದಾವೆ ಹೂಡಿಸಿ, ಆಮೇಲೆ ಮಾತುಕತೆ ಮುಂದುವರಿಸಲಿ. ನ್ಯಾಯಾಲಯದಲ್ಲಿರುವ ವ್ಯಾಜ್ಯವನ್ನೂ ಲೋಕ ಅದಾಲತ್‌ನಲ್ಲಿ ಮುಗಿಸಬಹುದು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವಿದೆ, ಸಹಾಯವಾಣಿ 15100. ಸಮಯ ಇರುವಾಗ ಹೇಳುವ ಒಂದು ಮಾತು, ಗಡುವು ಮುಗಿದ ಮೇಲೆ ಹೇಳುವ ನೂರು ಸಾಂತ್ವನಕ್ಕಿಂತ ಮೇಲು.