ಅಡಿಕೆ ಚೊಗರು, ಭೀಮನಕೋಣೆಯ ಬಟ್ಟೆ

ರಜೆ ಬಂತೆಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಪ್ರಶ್ನೆ ಮೈಸೂರಿನ ತಾಯ್ತಂದೆಯರನ್ನು ಕಾಡುತ್ತದೆ. ಮೃಗಾಲಯ, ಚಾಮುಂಡಿ ಬೆಟ್ಟ, ಕನ್ನಂಬಾಡಿ ಕಟ್ಟೆ ಆಗಲೇ ಮುಗಿದಿರುತ್ತವೆ. ಬಟ್ಟೆಯ ಕಸುಬನ್ನು ತೋರಿಸೋಣವೆಂದರೆ ಊರಿನಲ್ಲೇ 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯಿದೆ. ಆದರೆ ಅಲ್ಲಿ ಮಗ್ಗ ಓಡುವುದು ವಿದ್ಯುತ್ತಿನಿಂದ. ಗಿಡಮರಗಳ ಬಣ್ಣ ಹಾಕಿ, ಮರದ ಅಚ್ಚಿನಿಂದ ಕೈಯಲ್ಲೇ ಚಿತ್ತಾರ ಒತ್ತುವ ಕೆಲಸದ ಪರಿಚಯವಾಗಬೇಕಾದರೆ ಮಲೆನಾಡಿನತ್ತ ಹೊರಡಬೇಕು. ತಾಳಗುಪ್ಪದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಸಾಗರ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಹೆಗ್ಗೋಡಿನ ಬಳಿ, ಭೀಮನಕೋಣೆ.

ಹೆಗ್ಗೋಡು ಎಂದೊಡನೆ ನೆನಪಾಗುವುದು ನೀನಾಸಂ. ಅದರ ನೆರೆಯಲ್ಲೇ, ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳತನದಲ್ಲಿ 1990ರ ದಶಕದಲ್ಲಿ 'ಚರಕ' ಎಂಬ ಮಹಿಳೆಯರ ಸಹಕಾರ ಸಂಘ ಹುಟ್ಟಿತು. ಇದು ತಲೆತಲಾಂತರದ ಬಣ್ಣಗಾರರ ಕೇರಿಯಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹಳೆಯ ಕಸುಬೊಂದನ್ನು ಹಳ್ಳಿಯ ಹೆಣ್ಣುಮಕ್ಕಳು ಹೊಸದಾಗಿ ಕಲಿತ ಜಾಗ ಇದು. ಹಿಂದೆ ನೂಲಿಗೆ ನೀಲಿ ಹಾಕುವುದನ್ನೇ ಕಸುಬಾಗಿಸಿಕೊಂಡ ನೀಲಗಾರರೆಂಬ ಜನ ನಾಡಿನಲ್ಲಿದ್ದರು. ಮೈಸೂರು ಸೀಮೆಯಲ್ಲಿ ನೀಲಗಾರರೆಂದರೆ ಮಂಟೇಸ್ವಾಮಿಯ ಕತೆ ಹಾಡುವವರು. ಬಣ್ಣದ ನೀಲಗಾರರನ್ನು ಇಲ್ಲಿನ ಮಕ್ಕಳು ಕೇಳಿಯೂ ಇರಲಾರರು.

ಭೀಮನಕೋಣೆಯ ವಿಶೇಷ ಅಡಿಕೆ ಚೊಗರು. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಒಗರು ನೀರು ಅದು. ಅಂಗಿಗೆ ಬಿದ್ದರೆ ಕಲೆ ಹೋಗದೆಂದು ಅಡಿಕೆ ಸುಲಿಯುವ ಮನೆಯವರೆಲ್ಲ ಬಲ್ಲರು. ಹೋಗದ ಆ ಕಲೆಯನ್ನೇ ಇಲ್ಲಿ ಬಣ್ಣವಾಗಿಸಿಕೊಂಡರು. ಕೆಂಪುಗಂದಿನ ಆ ಛಾಯೆ ಮಲೆನಾಡಿನದೇ.

ಎಲ್ಲ ಬಣ್ಣವೂ ಹೀಗೆ ತಾನಾಗಿ ನಿಲ್ಲುವುದಿಲ್ಲ. ಹತ್ತಿ ಬಟ್ಟೆಯ ಗಂಜಿ ತೆಗೆದು, ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಣಗಿಸಬೇಕು. ಬಳಿಕ ಪಟಿಕದ ನೀರಿಗೆ ಗೋಂದು ಕಲಸಿ, ಅಚ್ಚನ್ನು ಅದರಲ್ಲಿ ಒತ್ತಿ, ಬಟ್ಟೆಯ ಮೇಲಿಟ್ಟು ಅಂಗೈಯಿಂದ ಗುದ್ದಬೇಕು. ಆಗ ಮೂಡಿದ್ದು ಕಣ್ಣಿಗೆ ಅಷ್ಟಾಗಿ ಕಾಣದು. ಬಟ್ಟೆಯನ್ನು ಮಂಜಿಷ್ಠದ ನೀರಿನಲ್ಲಿ ಕುದಿಸಿದರೆ ಪಟಿಕ ಬಿದ್ದಲ್ಲೆಲ್ಲ ಕೆಂಪು ಹೂಬಳ್ಳಿ ಎದ್ದುಬರುತ್ತದೆ. ಉಳಿದೆಡೆ ಹತ್ತಿದ ಮಾಸಲು ಬಣ್ಣ ತೊಳೆದು ಬಿಸಿಲಿಗೆ ಹಾಕಿದಂತೆ ತಿಳಿಯಾಗುತ್ತದೆ. ಇದು ನಮ್ಮ ದೇಶದ ಅಚ್ಚುಗಾರರೆಲ್ಲರ ಹಳೆಯ ವಿದ್ಯೆ.

ನೀಲಿಯ ದಾರಿ ಬೇರೆ. ಅದು ನೀರಿನಲ್ಲಿ ಕರಗುವುದೇ ಇಲ್ಲ. ಸುಣ್ಣದಂಥ ಕ್ಷಾರ ಸೇರಿಸಿ ಹುಳಿಸಿದರೆ ಹಂಡೆಯ ನೀರು ಹಳದಿ ಹಸುರಾಗುತ್ತದೆ. ಅದ್ದಿ ಮೇಲೆತ್ತಿದ ಬಟ್ಟೆಯೂ ಹಸುರೇ; ಗಾಳಿ ತಾಗಿದಂತೆ ನೋಡನೋಡುತ್ತ ನೀಲಿಯಾಗುತ್ತದೆ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಉತ್ಕರ್ಷಣ, ಅಪಕರ್ಷಣ ಎಂದು ಬಾಯಿಪಾಠ ಮಾಡಿದ್ದು ಇದೇ ಅಲ್ಲವೆ?

ಹಾಗೆಂದು ಗಿಡದ ಬಣ್ಣವೆಲ್ಲ ಪುಣ್ಯ, ಕಾರ್ಖಾನೆಯದೆಲ್ಲ ಪಾಪ ಎನ್ನುವಂತಿಲ್ಲ. ನೀಲಿ ಬೆಳೆಯಲು ರೈತರನ್ನು ಬಲವಂತಪಡಿಸಿದ್ದರಿಂದಲೇ 1917ರಲ್ಲಿ ಗಾಂಧೀಜಿ ಚಂಪಾರಣ್‌ಗೆ ಹೋಗಬೇಕಾಯಿತು. 1856ರಲ್ಲಿ ಮೊದಲ ಕೃತಕ ಬಣ್ಣಗಳಲ್ಲೊಂದನ್ನು ಆಕಸ್ಮಿಕವಾಗಿ ಕಂಡುಹಿಡಿದ ವಿಲಿಯಂ ಪರ್ಕಿನ್ ಹದಿನೆಂಟರ ಹುಡುಗ. ಅವನು ಹುಡುಕುತ್ತಿದ್ದುದು ಮಲೇರಿಯಾದ ಮದ್ದು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಗಿಡದ ನೀಲಿಗೆ ಗಿರಾಕಿ ಉಳಿಯಲಿಲ್ಲ.

ಇಂದಿಗೂ ಗಿರಾಕಿಯದೇ ಚಿಂತೆ. ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು 2017ರಲ್ಲಿ ಪ್ರಸನ್ನ ಉಪವಾಸ ಕೂತರು. 2020ರಲ್ಲಿ ಕೊರೋನಾ ಬಂದು ಮಾರಾಟ ಕುಸಿದಾಗ ಚರಕ ಭಾರೀ ಹಣಕಾಸಿನ ಇಕ್ಕಟ್ಟಿಗೆ ಸಿಕ್ಕಿತು. ಈ ಅಂಗಿಗೆ ಇಷ್ಟೊಂದು ಬೆಲೆಯೇ ಎಂದು ಅಂಗಡಿಯಲ್ಲಿ ಮುಖ ಸಿಂಡರಿಸುವ ತಂದೆ, ನೂಲುವುದರಿಂದ ಹೊಲಿಯುವವರೆಗೆ ಎಷ್ಟು ಕೈಗಳು ಅದನ್ನು ಮುಟ್ಟಿವೆಯೆಂದು ಮಗಳಿಂದ ಲೆಕ್ಕ ಹಾಕಿಸಿ ನೋಡಲಿ.

ಹೋಗುವವರು ಮುಂಚಿತವಾಗಿ ಕೇಳಿಕೊಂಡು ಹೋಗುವುದು ಲೇಸು. ಅಡಿಕೆ ಬೇಯಿಸುವುದನ್ನೂ ನೋಡಬೇಕೆಂದರೆ ಬೇಸಿಗೆ ರಜೆಗಿಂತ ದೀಪಾವಳಿಯ ಆಚೀಚಿನ ಕೊಯ್ಲಿನ ಕಾಲವೇ ಸರಿ. ಅಲ್ಲಿ ನಡೆಯುವುದು ಪ್ರದರ್ಶನವಲ್ಲ, ದಿನದ ದುಡಿಮೆ. ಫೋಟೋಕ್ಕಾಗಿ ಅಚ್ಚು ಹಿಡಿದ ಕೈಯನ್ನು ನಿಲ್ಲಿಸಬಾರದು.

ಹೋಗಲಾಗದವರು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ದಾಳಿಂಬೆ ಸಿಪ್ಪೆಯನ್ನು ದೊಡ್ಡವರ ಕಣ್ಣೆದುರಿನಲ್ಲಿ ಕುದಿಸಿ, ಹಳೆಯ ಬಿಳಿ ಹತ್ತಿ ಬಟ್ಟೆಯನ್ನು ಅದ್ದಿ ಹಿಂಡಬೇಕು, ಹಳದಿಯಾಗುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ನಾಲ್ಕು ದಿನ ಹುಣಸೆಹುಳಿಯಲ್ಲಿ ನೆನೆಹಾಕಿದ ನೀರನ್ನು ಅದರ ಒಂದು ಮೂಲೆಗೆ ಹಾಕಿದರೆ ಅಷ್ಟೇ ಜಾಗ ಬೂದುಗಪ್ಪಾಗುತ್ತದೆ. ಕಾರಣವೇನೆಂದು ಶಾಲೆ ತೆರೆದ ಮೇಲೆ ವಿಜ್ಞಾನದ ಮೇಷ್ಟರನ್ನು ಕೇಳಬಹುದು.